ಚುಕ್ಕಾಣಿಗೆ ಕಟ್ಟಿದ ಸೈಕಲ್ ಟ್ಯೂಬು

ನಂಬದವರು ಬೀಳಗಿ ಕಡೆ ಬಂದು ಒಂದು ಸಂಜೆ ನನ್ನ ದೋಣಿಯಲ್ಲಿ ಕುಳಿತು ನೋಡಲಿ. ನಾನು ಕುಡಿದಿರಲಿಲ್ಲ, ನಿದ್ದೆಗಣ್ಣಿನಲ್ಲೂ ಇರಲಿಲ್ಲ. ನಡೆದದ್ದನ್ನೇ ಹೇಳುತ್ತೇನೆ.

ಕೃಷ್ಣೆಯ ಹಿನ್ನೀರಿನಲ್ಲಿ ಮೀನು ಹಿಡಿಯುವುದು ನನ್ನ ಕೆಲಸ. ಇಪ್ಪತ್ತು ವರ್ಷ ನಾನು ಮುಂದೆ ನಿಂತು ಬಲೆ ಎಳೆದೆ, ಪಕ್ಕದ ಮನೆಯ ಭೀಮಪ್ಪ ಕಾಕಾ ಹಿಂದೆ ಕುಳಿತು ನಡುನಡುವೆ ತಂಬಾಕು ತಿಕ್ಕುತ್ತ ಚುಕ್ಕಾಣಿ ಹಿಡಿದರು. ಮೊದಲ ಮೀನು ಚುಕ್ಕಾಣಿಯವನದು, ಅದು ನಮ್ಮ ರೂಢಿ. ತಿರುಗಿ ನೋಡದೆ ಹಿಂದಕ್ಕೆ ಎಸೆಯುತ್ತಿದ್ದೆ, ಅವರು ಹಿಡಿಯುತ್ತಿದ್ದರು. ಎರಡು ತಿಂಗಳ ಹಿಂದೆ ಕಾಕಾ ತೀರಿಕೊಂಡರು.

ಒಬ್ಬನೇ ಆದೆ. ಚುಕ್ಕಾಣಿ ಬಿಟ್ಟು ಬಲೆಗೆ ಕೈ ಹಾಕಿದರೆ ದೋಣಿ ಗಾಳಿಗೆ ಮುಖ ತಿರುಗಿಸುತ್ತದೆ, ತಾಡಪಾಲಿನ ಹಾಯಿ ಪಟಪಟ ಬಡಿಯುತ್ತದೆ, ಬಲೆ ದೋಣಿಯಡಿ ಸಿಕ್ಕುತ್ತದೆ. ಮೊಬೈಲಿನಲ್ಲಿ ನೋಡಿ ಒಂದು ಉಪಾಯ ಮಾಡಿದೆ. ಚುಕ್ಕಾಣಿಯ ಹಿಡಿಗೆ ಒಂದು ಕಡೆ ಹಾಯಿಯ ಹಗ್ಗ, ಇನ್ನೊಂದು ಕಡೆ ಸೈಕಲ್ ಟ್ಯೂಬು. ಗಾಳಿ ಜೋರಾದರೆ ಹಗ್ಗ ಹಿಡಿಯನ್ನು ತನ್ನತ್ತ ಜಗ್ಗಬೇಕು, ಕಡಿಮೆಯಾದರೆ ಟ್ಯೂಬು ಅದನ್ನು ವಾಪಸ್ ಜಗ್ಗಬೇಕು. ದೋಣಿ ತಾನೇ ನೆಟ್ಟಗೆ ಹೋಗಬೇಕು.

ಎಲ್ಲಿ ಹೋಗುತ್ತದೆ! ನಾಲ್ಕು ದಿನ ಗಾಣದೆತ್ತಿನಂತೆ ಸುತ್ತಿತು. ಬಿಗಿ ಮಾಡಿದರೂ ಅಷ್ಟೇ, ಸಡಿಲ ಬಿಟ್ಟರೂ ಅಷ್ಟೇ. ನನ್ನ ಹೆಂಡತಿ ಶಾಂತವ್ವ ಕಡ್ಡಿ ಮುರಿದಂತೆ ಹೇಳಿದಳು: "ಇವತ್ತೂ ಆಗ್ಲಿಲ್ಲಂದ್ರ ದೋಣಿ ಮಾರಿಬಿಡ್ರಿ. ಒಬ್ಬರಽ ನೀರಾಗ ಹೋಗಿ ಸಾಯೂದು ಬ್ಯಾಡ."

ಒಪ್ಪಿಕೊಂಡೆ.

ಆ ಮುಸ್ಸಂಜೆ ದಂಡೆಯ ಕಬ್ಬಿನ ಹೊಲಗಳು ಕಪ್ಪಾಗುತ್ತಿದ್ದವು. ದೋಣಿ ಮತ್ತೆ ತಿರುಗಿತು. "ಇದರ ಮನಿ ಹಾಳಾಗ!" ಎಂದು ಬೈಯುತ್ತಲೇ ಬಲೆ ಎಳೆದೆ. ಮೊದಲ ಮೀನು ಬಂತು. ಕೈಗೆ ಹಳೆಯ ರೂಢಿ... ಹಿಂದಕ್ಕೆ ಎಸೆದುಬಿಟ್ಟೆ.

"ತಗೋ ಕಾಕಾ."

ಮೀನು ಹಲಗೆಗೆ ಬಡಿದ ಸದ್ದು ಬರಲಿಲ್ಲ. ನೀರಿಗೆ ಬಿದ್ದ ಸದ್ದೂ ಇಲ್ಲ...

ದೋಣಿ ನೆಟ್ಟಗಾಯಿತು. ಬಲೆಯ ಗುಂಟ ದಾರ ಹಿಡಿದಂತೆ ಸಾಗಿತು. ಅಬ್ಬಾ, ಟ್ಯೂಬು ಕೊನೆಗೂ ಮಾತು ಕೇಳಿತು ಎಂದು ಹಿಗ್ಗಿದೆ.

ಆಗ ಕೇಳಿಸಿತು. ಪಟ್... ಪಟ್... ಅಂಗೈಯಲ್ಲಿ ತಂಬಾಕು ತಿಕ್ಕಿ ಬಡಿಯುವ ಸದ್ದು. ಹಿಂದೆಯೇ ಸುಣ್ಣ, ತಂಬಾಕಿನ ಘಾಟು.

ತಿರುಗಿದೆ. ಹಲಗೆಯ ಮೇಲೆ ಯಾರೂ ಇಲ್ಲ, ಮೀನೂ ಇಲ್ಲ. ಟ್ಯೂಬು ಹರಿದು ನೀರಿನಲ್ಲಿ ಜೋತಾಡುತ್ತಿತ್ತು. ಹಗ್ಗ ಬಿಚ್ಚಿ ಬಿದ್ದಿತ್ತು. ಚುಕ್ಕಾಣಿ ಮಾತ್ರ ಒಂದಿಷ್ಟೂ ಅಲುಗದೆ ನಿಂತಿತ್ತು.

ದಂಡೆಯಲ್ಲಿ ಶಾಂತವ್ವ ಬ್ಯಾಟರಿ ಹಿಡಿದು ನಿಂತಿದ್ದಳು. "ಬಲಿ ಪೂರ್ತಿ ಎಳದ್ರಿ? ಒಬ್ಬರಽ? ಆತು ಬಿಡ್ರಿ, ದೋಣಿ ಇರ್ಲಿ." ಹೂಂ ಎಂದು ಮೀನಿನ ಬುಟ್ಟಿ ಅವಳ ಕೈಗೆ ಕೊಟ್ಟೆ.

ಮರುದಿನ ಹಟ ಹಿಡಿದು ಹೊಸ ಟ್ಯೂಬು ಕಟ್ಟಿದೆ, ಮೀನು ಎಸೆಯಲಿಲ್ಲ. ದೋಣಿ ಗಿರಗಿರ ಸುತ್ತಿತು. ಎಸೆದೆ, ನೆಟ್ಟಗಾಯಿತು. ಈಗ ದಿನವೂ ಹೀಗೇ. ನನ್ನ ಇಷ್ಟು ದಿನದ ಗುದ್ದಾಟ ಯಾತಕ್ಕೂ ಬರಲಿಲ್ಲವಲ್ಲ ಎಂದು ಸಿಟ್ಟು ಬರುತ್ತದೆ. ಹಿಂದೆ ತಿರುಗಿ ನೋಡಲು ಮಾತ್ರ ಧೈರ್ಯವಿಲ್ಲ.

ನಿನ್ನೆ ಶಾಂತವ್ವ ಎಂದಳು, "ನಾಳಿಂದ ನಾನೂ ಬರ್ತೇನ್ರಿ. ಹಿಂದ ಕುಂತು ಚುಕ್ಕಾಣಿ ಹಿಡೀತೇನಿ."

ಯೋಚಿಸುವ ಮೊದಲೇ ನನ್ನ ಬಾಯಿಂದ ಬಂತು: "ಬ್ಯಾಡ. ಅಲ್ಲಿ ಜಾಗ ಇಲ್ಲ."

ಅವಳು ನಕ್ಕಳು. "ಯಾಕ್ರಿ, ಯಾರು ಕುಂತಾರ?"