ಪುಸ್ತಕದಾಗ ತುಂಬಿದ ಉಡಿ

ನಾ ಇಂಡಿ ಬಿಟ್ಟು ಜರ್ಮನಿ ಸೇರಿ ಭಾಳ ವರ್ಷ ಆದ್ವು. ಅಲ್ಲಿ ಅವರ ಭಾಷಾದಾಗ ಕಾದಂಬರಿ ಬರಿತೇನಿ, ಆಮ್ಯಾಲ ಅದನ್ನ ನಾನ ಕನ್ನಡಕ್ಕ ತರ್ತೇನಿ. ಊರಾಗ ಇದಕ್ಕ ಕೆಲಸ ಅನ್ನೂದಿಲ್ಲ. "ಇನ್ನೂ ಬರಿಯಾಕತ್ತೀಯೇನ?" ಅಂತ ಕೇಳ್ತಾರ, ಕೆಮ್ಮು ಇನ್ನೂ ಹೋಗಿಲ್ಲೇನು ಅಂತ ಕೇಳಿದಂಗ.

ನನ್ನ ಸಾಕಿದಾಕಿ ನಮ್ಮ ಸೋದರತ್ತಿ, ಅಪ್ಪನ ತಂಗಿ. ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡು ತವರಮನಿಗೆ ಬಂದಾಕಿ, ಅಡಗಿಮನಿ ಬಿಟ್ಟು ಹೊರಗ ಬರಲೇ ಇಲ್ಲ. ನಾ ತಿರುಗಿ ಹೊಂಟಾಗೆಲ್ಲಾ ಅಣ್ಣನ ಹೆಂಡ್ತಿ, ನಮ್ಮ ವೈನಿ, ನನ್ನ ಮಣಿ ಮ್ಯಾಲ ಕೂಡ್ರಿಸಿ ಉಡಿ ತುಂಬ್ತಾರ. ಗಂಡ ಜರ್ಮನಿಯವ ಆದ್ರೇನು, ನಾ ಮುತ್ತೈದಿ. ಆ ಹೊತ್ತಿನ್ಯಾಗ ಅತ್ತಿ ಬಾಗಲದ ಹಿಂದ ನಿಂತಿರ್ತಾಳ. ಎದುರಿಗೆ ಬರಬ್ಯಾಡ ಅಂತ ಯಾರೂ ಬಾಯಿಬಿಟ್ಟು ಹೇಳೂದಿಲ್ಲ, ಹೇಳೂ ಪ್ರಸಂಗನ ಬರೂದಿಲ್ಲ. 

ಮನ್ಯಾಗ ಆಗದ್ದು ಪುಸ್ತಕದಾಗರ ಆಗ್ಲಿ ಅಂತ ನನ್ನ ಕಾದಂಬರಿ ಕಡೀಕ ಅಂಥಾ ಒಬ್ಬ ಅತ್ತಿ ಕೈಲೆ ಉಡಿ ತುಂಬಿಸಿದೆ. ಉಡಿ ಅಂದ್ರೇನು, ವಿಧವೆ ಯಾಕ ತುಂಬಬಾರದು ಅಂತ ಜರ್ಮನ್ ಓದುಗರಿಗೆ ಪುಟಗಟ್ಟಲೆ ತಿಳಿಸಿ ಹೇಳಬೇಕಾತು. ಕನ್ನಡಕ್ಕ ತರೂಮುಂದ ಆ ಪುಟ ಅಷ್ಟೂ ತೆಗೆದು ಒಗೆದೆ. ನಮ್ಮವರಿಗೆ ತಿಳಿಸಿ ಹೇಳೂದೇನೈತಿ, ಎಲ್ಲಾ ಗೊತ್ತೈತಿ.

ಹೋದ ಚಳಿಗಾಲದಾಗ ಕನ್ನಡ ಪುಸ್ತಕ ಹಿಡಕೊಂಡು ಊರಿಗೆ ಬಂದೆ. ಒಂದಿನ ಮಧ್ಯಾಹ್ನ ಅತ್ತಿಗೆ ಓದಿ ಹೇಳಿದೆ. ಮೆಣಸಿನಕಾಯಿ ತೊಟ್ಟು ಬಿಡಿಸ್ಕೋತ ಕೇಳಿದ್ಲು. "ಆ ಉಡಿ ತುಂಬೂದು ಇನ್ನೊಮ್ಮಿ ಓದವಾ," ಅಂದ್ಲು. ಓದಿದೆ. ಈ ಸಲ ಇಕಿ ಕೈಲೇನ ಉಡಿ ತುಂಬಿಸ್ಕೊಂಡು ಹೋಗೂದು ಅಂತ ಅವತ್ತ ಗಟ್ಟಿ ಮಾಡಿದೆ.

ಸಿಂದಗ್ಯಾಗ ಪುಸ್ತಕದ ಸಮಾರಂಭ ಇಟ್ಟಿದ್ರು. ಶಾಲು, ಹಾರ, ಭಾಷಣ ಎಲ್ಲಾ ಆತು. ಅದ ಉಡಿ ತುಂಬೂ ಪುಟ ಮೈಕಿನ್ಯಾಗ ಓದಿದವರು ನಮ್ಮ ವೈನಿ. ಸಾಲಿ ಟೀಚರು, ಚೆಂದ ಓದ್ತಾರ. ಓದ್ತಾ ಓದ್ತಾ ಕಣ್ಣ ಒರಿಸ್ಕೊಂಡ್ರು. ಜನ ಚಪ್ಪಾಳಿ ಹೊಡೆದ್ರು. ಅತ್ತಿ ಬಂದಿರ್ಲಿಲ್ಲ. ಮನಿ ಕಾಯಾಕ ಯಾರರ ಬೇಕಲ್ಲ.

ಮರುದಿನ ಮುಂಜಾನೆ ನಾ ಹೊರಡಬೇಕು. ಗಾಡಿ ಬಾಗಲಕ್ಕ ಬಂದು ನಿಂತಿತ್ತು. ವೈನಿ ಮಣಿ ಹಾಕಿ, ಅಕ್ಕಿ, ಕೊಬ್ರಿ ಬಟ್ಟಲ, ಅರಿಷಿಣ ಕೊಂಬು, ಕುಬಸದ ಖಣ ತಂದಿಟ್ರು.

"ಈ ಸಲ ಅತ್ತಿ ತುಂಬ್ಲಿ ವೈನಿ," ಅಂದೆ.

"ಪುಸ್ತಕದ ಮಾತ ಬ್ಯಾರೆರಿ," ಅಂದ್ರು ಸಮಾಧಾನದಿಂದ. "ಮುಂದಿನ ತಿಂಗಳ ಮಗಳ ಮದಿವಿ ಐತಿ."

"ಹಂಗಾರ ನಿನ್ನೆ ಕಣ್ಣೀರ ಹಾಕಿದ್ದು ಯಾರ ಸಲುವಾಗಿರಿ?" ಅಂತ ಕೇಳೇಬಿಟ್ಟೆ. ವೈನಿ ಮಾರಿ ಸಣ್ಣದಾತು. ಅಣ್ಣ ಫೋನ್ ನೋಡ್ಕೋತ, "ಹೊತ್ತಾಗಾಕತ್ತೈತಿ," ಅಂದ.

ನಾ ಸೀದಾ ಅಡಗಿಮನಿಗೆ ಹೋಗಿ ಅತ್ತಿ ಮುಂದ ಸೆರಗೊಡ್ಡಿ ನಿಂತೆ. ರೊಟ್ಟಿ ಬಡೀತಿದ್ದಾಕಿ ನಿಂದ್ರಿಸಿದ್ಲು. ಹಿಟ್ಟಿನ ಕೈ ಒಂದೀಟು ಮ್ಯಾಲೆದ್ದಿತು. ಬಾಗಲ ಕಡೆ ನೋಡಿ ಮತ್ತ ಕೆಳಗಿಳಿಸಿದ್ಲು.

"ಪುಸ್ತಕದಾಗ ತುಂಬೇನಲ್ಲ, ಸಾಕು," ಅಂದ್ಲು. "ಬರೀ ಉಡಿಲೆ ಹೋಗಬ್ಯಾಡ ಮತ್ತ. ನೀ ಹೋಗಾಕಿ, ನಾ ಇಲ್ಲೇ ಇರಾಕಿ. ನಾಳೆ ಮದುವ್ಯಾಗ ಏನರ ಆತಂದ್ರ ನನ್ನ ಹೆಸರ ಹೇಳ್ತಾರ."

ಹೋಗಿ ಮಣಿ ಮ್ಯಾಲ ಕುಂತೆ. ವೈನಿ ಉಡಿ ತುಂಬಿದ್ರು. ಒಳಗ ರೊಟ್ಟಿ ಬಡಿಯೂ ಸಪ್ಪಳ ಮತ್ತ ಚಾಲೂ ಆತು.

ಎದ್ದು ನಿಂತ ಮ್ಯಾಲ ವೈನಿ ನನ್ನ ಪುಸ್ತಕ, ಪೆನ್ನು ತಂದ್ರು. ಮುದ್ದೇಬಿಹಾಳದಾಗಿರೂ ಅವರ ತಂಗಿಗೆ ಕೊಡಬೇಕಂತ, ನನ್ನ ಸಹಿ ಬೇಕಂತ. "ಆ ಉಡಿ ಪುಟದ ಮ್ಯಾಲೇನ ಮಾಡ್ರಿ, ಆಕಿಗೂ ಭಾಳ ಸೇರ್ತೈತಿ," ಅಂದ್ರು. ಅಕ್ಕಿ ಚೆಲ್ಲಬಾರದಂತ ಒಂದು ಕೈಲೆ ಸೆರಗ ಹಿಡಕೊಂಡು, ಇನ್ನೊಂದು ಕೈಲೆ ಸಹಿ ಮಾಡಿದೆ.