ಫೋನು ನಗಿಸಿದ ದತ್ತಾತ್ರಿ

ನನ್ನ ಅಣ್ಣ ದತ್ತಾತ್ರಿ ಔರಾದಿನ ಹತ್ತಿರದ ಚಿಂತಾಕಿಯಲ್ಲಿ ಕುರಿ ಸಾಕುತ್ತಾನೆ, ಮಳೆ ನಂಬಿದ ಹೊಲದಲ್ಲಿ ತೊಗರಿ ಬೆಳೆಯುತ್ತಾನೆ. ಆದರೆ ಅವನ ನಿಜವಾದ ಕಸುಬು ಮುನಿಸಿಕೊಳ್ಳುವುದು. ನಮ್ಮ ಬಳಗದಲ್ಲಿ ಅವನು ಮುನಿಯದೆ ಮುಗಿದ ಮದುವೆ ಒಂದನ್ನೂ ನಾನು ಕಾಣೆ. ನನ್ನ ಮದುವೆಯಲ್ಲಿ ಎಲ್ಲರಿಗೂ ಕಪ್ಪು-ಬಸಿಯಲ್ಲಿ ಚಹಾ ಕೊಟ್ಟು ತನಗೆ ಮಾತ್ರ ಸ್ಟೀಲ್ ಲೋಟದಲ್ಲಿ ಕೊಟ್ಟರೆಂದು ಟ್ರ್ಯಾಕ್ಟರಿನ ಟ್ರಾಲಿ ಹತ್ತಿ ಬೆನ್ನು ತಿರುಗಿಸಿ ಕೂತ. ನನ್ನ ಮಗನ ತೊಟ್ಟಿಲ ಕಾರ್ಯದಲ್ಲಿ ಯಾರೋ ಪಾಪ, "ಊಟಕ್ಕ ಏಳ್ರಿ" ಅನ್ನುವ ಬದಲು "ಊಟ ಆತೇನ್ರಿ?" ಅಂದರು. ಅಷ್ಟೇ, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೇಬಿಟ್ಟ.

ಈ ಮುನಿಸಿಗೂ ಒಂದು ರೀತಿ-ರಿವಾಜು ಇದೆ. ಅವನು ಊರಿಗೆ ಹೋಗಿ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಬೇಕು. ಬಳಗದ ಹಿರಿಯರು ಜೀಪು ಮಾಡಿಕೊಂಡು ಹೋಗಿ ತಪ್ಪಾಯಿತು ಅನ್ನಬೇಕು. ಕೊನೆಗೆ ಇಂದು ಎಂಬ ಅವನ ತಂಗಿ, ಅಂದರೆ ನಾನು, ಸೆರಗನ್ನು ಕಣ್ಣಿಗೆ ಹಚ್ಚಬೇಕು. ಆಗ ಅವನು, "ನಡೀರಿ, ಇನ್ನೇನು ಮಾಡೋದದ" ಎಂದು ದೊಡ್ಡ ಉಪಕಾರ ಮಾಡಿದವನ ಹಾಗೆ ಏಳಬೇಕು. ಭಾಲ್ಕಿಯ ಶಾಲೆಯಲ್ಲಿ ನಾನು ಕಣ್ಣು ಬಿಟ್ಟರೆ ಇಡೀ ವರ್ಗ ಗಪ್‌ಚಿಪ್ ಆಗುತ್ತದೆ. ಈ ಮಹಾರಾಯನ ಮುಂದೆ ಮಾತ್ರ ನನ್ನ ಮಾಸ್ತರಿಕೆ ನಡೆಯುವುದಿಲ್ಲ.

ಇನ್ನು ನನ್ನ ಮಗ ಸತೀಶಕುಮಾರ. ಬೀದರಿನಲ್ಲಿ ನೌಕರಿ, ಅಲ್ಲೇ ಒಂದು ಬಾಡಿಗೆ ಖೋಲಿ. ಹೋದ ವರ್ಷ ಭಾರೀ ಬೆಲೆಯ ಫೋನು ಕೊಂಡ. ಅಂದಿನಿಂದ ಅವನು ಫೋನಿನ ಕಾವಲುಗಾರನಾಗಿದ್ದಾನೆ. ನೀರಲ್ಲಿ ಬಿದ್ದರೂ ಅದಕ್ಕೆ ಏನೂ ಆಗುವುದಿಲ್ಲವೆಂದು ಕಂಡಕಂಡವರಿಗೆ ಹೇಳುತ್ತಾನೆ. ನಾಲ್ಕು ಹನಿ ಬಿದ್ದರೆ ಅದನ್ನು ಬನಿಯನ್ನಿನೊಳಗೆ ತೂರಿಸಿ ತಾನು ತೊಯ್ದುಕೊಂಡು ಬರುತ್ತಾನೆ. ಅದರ ಬಣ್ಣ ಆರಿಸಲು ವಾರಗಟ್ಟಲೆ ತಲೆ ಕೆಡಿಸಿಕೊಂಡವನು, ಕೊಂಡ ದಿನವೇ ಎಮ್ಮೆಯ ಚರ್ಮದಂಥ ಕರೀ ಕವರು ಹಾಕಿಸಿದ. ಆ ಬಣ್ಣ ಯಾವುದೆಂದು ಹೆತ್ತ ತಾಯಿಗೇ ಗೊತ್ತಿಲ್ಲ. ಮನೆಗೆ ಬಂದಾಗಲೂ ಅಷ್ಟೇ, ನಾನು ರೊಟ್ಟಿ ಬಡಿಯುವಾಗ ಯಾರಾದರೂ ನನ್ನ ಜೊತೆ ಮಾತಾಡಬೇಕೆಂದರೆ, ಹಿಟ್ಟಿನ ಕೈ ತಾಗದಿರಲೆಂದು ಅವನೇ ಫೋನನ್ನು ನನ್ನ ಕಿವಿಯ ಹತ್ತಿರ ಹಿಡಿದು ನಿಲ್ಲುತ್ತಾನೆ.

ಈ ಇಬ್ಬರೂ ಡಿಕ್ಕಿ ಹೊಡೆದದ್ದು ನನ್ನ ಮಗಳು ಮನಿಷಾಳ ನಿಶ್ಚಯದಲ್ಲಿ. ಹುಡುಗ ಔರಾದಿನವನು. ಭಾಲ್ಕಿಯ ನಮ್ಮ ಮನೆಯಂಗಳದಲ್ಲೇ ಕಾರ್ಯ. ಬೀಗರು ಹಿರಿಯರ ಸನ್ಮಾನಕ್ಕೆಂದು ಹೊಲಿದ ರೆಡಿಮೇಡ್ ರುಮಾಲು ತಂದಿದ್ದರು. ದತ್ತಾತ್ರಿಯ ತಲೆ ನಮ್ಮಪ್ಪನ ಕಡೆಯದು, ಸಣ್ಣ ಹಂಡೆಯಷ್ಟಿದೆ. ರುಮಾಲು ಕೆಳಗಿಳಿಯದೆ ನೆತ್ತಿಯ ಮೇಲೆ ಬಟ್ಟಲಿನ ಹಾಗೆ ಕೂತಿತು. ಮಕ್ಕಳು ಕಿಸಕ್ಕನೆ ನಕ್ಕವು. ಅಣ್ಣ ಮುಖ ತಿರುಗಿಸಿದ. ಆಮೇಲೆ ಎಲ್ಲರೂ ಸಾಲಾಗಿ ನಿಂತು ಸತೀಶನ ಫೋನಿನಲ್ಲಿ ಫೋಟೋ ತೆಗೆಸಿಕೊಂಡರು, ಅವನು ಊಟ ಮಾಡದೆ ಚಿಂತಾಕಿಗೆ ಹೋದ.

ಮರುದಿನ ಸತೀಶ ಆ ಫೋಟೋವನ್ನು ಬಳಗದ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ನೋಡುತ್ತೇನೆ, ಮುಂದಿನ ಸಾಲಿನಲ್ಲಿ ದತ್ತಾತ್ರಿ ಹಲ್ಲು ಬಿಟ್ಟು ನಗುತ್ತಿದ್ದಾನೆ!

"ಏ ಸತೀಶಾ, ಇದು ಹ್ಯಾಂಗೋ?" ಎಂದು ಫೋನು ಮಾಡಿ ಕೇಳಿದೆ.

"ಮಾಮಾನ ಮುಖದಿಂದ ಇಡೀ ಫೋಟೋ ಕೆಡ್ಲಾಕತ್ತಿತ್ತು ಅವ್ವಾ. ಇದ್ರಾಗ ಒಂದು ಸೌಲತ್ತು ಅದ. ಮುಖದ ಮ್ಯಾಲ ಬೆರಳು ಒತ್ತಿ ನಗಸು ಅಂದ್ರ ನಗಸ್ತದ."

"ಟಗರು ಗುದ್ದಿ ನಿಮ್ಮ ಮಾಮಾನ ಮುಂದಿನ ಎರಡು ಹಲ್ಲು ಹೋಗಿ ಎಷ್ಟೋ ವರ್ಷ ಆತಲ್ಲೋ!"

"ಅದಕ್ಕೇನು ಗೊತ್ತು ಅವ್ವಾ? ಅದು ಎಲ್ಲಾ ಹಲ್ಲೂ ಹಾಕ್ಯದ."

ಹಾಕಿದ್ದು ಹೌದು. ಎಳೆ ಮೆಕ್ಕೆಜೋಳದ ತೆನೆಯ ಹಾಗೆ ಸಾಲು ಹಿಡಿದು ಹೊಳೆಯುತ್ತಿದ್ದವು. ಬಳಗವೆಲ್ಲ ಹೆಬ್ಬೆರಳು, ಹೂವು ಕಳಿಸಿದ್ದೇ ಕಳಿಸಿದ್ದು. ದತ್ತಾತ್ರಿ ನಕ್ಕ ಮೇಲೆ ಇನ್ನು ಲಗ್ನಕ್ಕೆ ತಕರಾರಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಜೀಪಿನ ಮಾತು ಯಾರೂ ಎತ್ತಲಿಲ್ಲ.

ವಾರವಾದ ಮೇಲೆ ನಮ್ಮ ವೈನಿ, ಅಣ್ಣನ ಹೆಂಡತಿ ಕಾಂತಾಬಾಯಿ, ದನಿ ತಗ್ಗಿಸಿ ಫೋನು ಮಾಡಿದಳು.

"ಇಂದು, ನಿಮ್ಮಣ್ಣ ದಿನಾ ಹೊರಸಿನ ಮ್ಯಾಲ ಮಲಗಿ ಹಾದಿ ನೋಡ್ಲಾಕತ್ತಾರ. ಯಾಕ ಯಾರೂ ಬರವಲ್ರು?"

"ನಕ್ಕಾರಲ್ಲ ವೈನಿ, ಫೋಟೋದಾಗ!"

"ಅದ ಬೆಂಕಿ ಹತ್ತ್ಯದ ಅವರಿಗೆ. ಕುರಿ ಸಂತ್ಯಾಗ ಸುದ್ದಾ ಮಂದಿ ಕೇಳ್ತಾರಂತ, ಹಲ್ಲು ಯಾವ ಡಾಕ್ಟರ್ ಹಂತೇಲಿ ಹಾಕಿಸ್ದಿ ದತ್ತು ಅಂತ. ಆ ಫೋಟೋ ತೆಗದು ಖರೇ ಫೋಟೋ ಹಾಕೋ ತನಕ ಲಗ್ನಕ್ಕ ಬರೋದಿಲ್ಲ ಅಂತ ಆಣಿ ಮಾಡ್ಯಾರ." ಆಮೇಲೆ ದನಿ ಇನ್ನೂ ತಗ್ಗಿಸಿ, "ಇಂದು, ನೀವು ತೆಗೀಬ್ಯಾಡ್ರಿ. ಲಗ್ನಾದಾಗಿಂದ ಅವರು ನಕ್ಕಿದ್ದು ನಾ ನೋಡಿಲ್ಲ. ನನ್ನ ಫೋನಿನ ಮ್ಯಾಲ ಅದನ್ನೇ ಇಟ್ಟೇನಿ," ಎಂದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮಲ್ಲಿ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅಪ್ಪನಿದ್ದರೂ ಆ ಕೆಲಸ ಅಪ್ಪನದಲ್ಲ. ಅದೂ ಮನಿಷಾ ನಡೆಯಲು ಕಲಿತದ್ದೇ ಚಿಂತಾಕಿಯಲ್ಲಿ, ಅವನ ಬೆರಳು ಹಿಡಿದು. ನಾನು ಆಗ ಮಾಸ್ತರಿಕೆಯ ತರಬೇತಿಗೆ ಹೋಗಿದ್ದೆ. "ಮಾಮಾ ಬರಲಿಲ್ಲಂದ್ರ ನಾ ಒಬ್ಬಾಕಿನೇ ನಡಕೊಂಡು ಹೋಗ್ತೇನಿ. ಬ್ಯಾರೆ ಯಾರ ಕೈನೂ ಹಿಡಿಯೋದಿಲ್ಲ," ಎಂದು ಹುಡುಗಿ ಹಟ ಹಿಡಿದಳು. ಮಾವನ ಹಟವೇ ಸೋದರಸೊಸೆಗೂ ಬಂದಿದೆ, ಏನು ಮಾಡುವುದು?

ಆ ಭಾನುವಾರ ಸತೀಶನ ಫೋನು. "ಅವ್ವಾ, ಮಾಮಾ ಬೀದರಿಗೆ ಬಂದಾನ. ನನ್ನ ಖೋಲ್ಯಾಗ ಕುಂತಾನ. ಕುರಿ ಕಾಯೋ ಬಡಿಗಿ ತಂದಾನ. ಲಗೂ ಬಾ."

ಭಾಲ್ಕಿಯಿಂದ ಸಿಕ್ಕ ಬಸ್ಸು ಹತ್ತಿ ಓಡಿದೆ. ಅಣ್ಣ ಕುರ್ಚಿಯ ಮೇಲೆ ಬಡಿಗೆ ಊರಿ ಕೂತಿದ್ದ. ಮುಂದಿದ್ದ ಚಹಾ ಮುಟ್ಟಿರಲಿಲ್ಲ, ಮೇಲೆ ಕೆನೆ ಕಟ್ಟಿತ್ತು.

"ಅಣ್ಣಾ, ಸಣ್ಣ ಹುಡುಗನ ಮ್ಯಾಲ ಬಡಿಗಿ ತಗೊಂಡು ಬರ್ತಾರೇನು?" ಎಂದು ರೇಗಿದೆ.

"ಬಡಿಗಿ ಇವಗಲ್ಲ, ಆ ಫೋನಿಗೆ," ಎಂದ. "ನಾ ನಗಲಾರದ ನನ್ನ ನಗಸಲಾಕ ಅದು ಯಾರು? ಖರೇ ಫೋಟೋ ತಗೀ ಅನ್ನು."

ಸತೀಶ ಫೋನು ಎತ್ತಿ ಮುಖದ ಮುಂದೆ ಹಿಡಿದ. ತೆರೆಯಲಿಲ್ಲ. ಒಂದು ಕಣ್ಣು ಬಡಿಗೆಯ ಮೇಲೆ, ಇನ್ನೊಂದು ಫೋನಿನ ಮೇಲೆ ಇಟ್ಟರೆ ಅದಾದರೂ ಹೇಗೆ ಗುರುತು ಹಿಡಿದೀತು? ಮತ್ತೆ ಹಿಡಿದ, ಮತ್ತೂ ಹಿಡಿದ.

"ಒಡೆಯನ ಮುಖಾನೇ ಗುರುತಿಲ್ಲ ಇದಕ್ಕ. ಇದು ನನ್ನ ಮುಖ ತಿದ್ದಲಾಕ ಹೊಂಟದ!" ಎಂದ ಅಣ್ಣ. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ.

ಕೊನೆಗೆ ಗುಪ್ತ ಅಂಕಿ ಒತ್ತಿ ತೆರೆದ. ಮೂಲ ಫೋಟೋ ಒಳಗೇ ಇತ್ತು. ಅಣ್ಣನ ಕಣ್ಣು ಮಂಜು, ಹಾಗಾಗಿ ಸತೀಶ ಎರಡು ಬೆರಳಿಂದ ಅದನ್ನು ಹಿಗ್ಗಿಸುತ್ತಾ ಹೋದ. ಬೇರೆ ಫೋನಿನಲ್ಲಾದರೆ ಅಷ್ಟು ಹಿಗ್ಗಿಸಿದರೆ ಮುಖ ಕಲಸಿಹೋಗುತ್ತದೆ. ಇದರಲ್ಲಿ ಒಂದೊಂದು ಮೀಸೆಗೂದಲೂ ಬಿಡಿಬಿಡಿಯಾಗಿ ಕಂಡಿತು. ಸಿಟ್ಟಿನ ಗಂಟು ಎಲ್ಲೂ ಇರಲಿಲ್ಲ. ಕೆಳತುಟಿ ಕಚ್ಚಿ ಹಿಡಿದಿದ್ದ. ಎರಡೂ ಕಣ್ಣು ತುಂಬಿದ್ದವು. ನೋಟ ಪಕ್ಕದಲ್ಲಿ ನಿಂತ ಮನಿಷಾಳ ಮೇಲಿತ್ತು.

ಅಣ್ಣ ಬಡಿಗೆಯನ್ನು ಗೋಡೆಗೆ ಒರಗಿಸಿದ.

"ಇದು ಮತ್ತ ಯಾರಿಗಿ ಕಳಿಸೀದಿ?" ಎಂದ ಅಣ್ಣ, ಕೇಳಿಸದಷ್ಟು ಸಣ್ಣ ದನಿಯಲ್ಲಿ.

"ಯಾರಿಗೂ ಇಲ್ಲ ಮಾಮಾ."

"ಅಳಸು. ಆ ನಗೋದೇ ಇರ್ಲಿ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ. "ಅಣ್ಣಾ, ರುಮಾಲಿನ ಸಲುವಾಗಿ ಅಲ್ಲೇನು ನೀ ಹೋಗಿದ್ದು?"

"ಅತ್ತರ ಮಂದಿ ನಗ್ತಾರ, ಇಂದು. ಸಿಟ್ಟಾದ್ರ ಕೈ ಮುಗದು ಕರೀಲಾಕ ಬರ್ತಾರ," ಎಂದ. "ಕುರಿ ಕಾಯೋ ಗಂಡಸು ನಾಕು ಮಂದ್ಯಾಗ ಅಳೋದು ಚಂದ ಕಾಣ್ತದೇನು?"

"ಅದೇನೂ ನನಗ ಗೊತ್ತಿಲ್ಲ. ಆಕಿ ಅಳೋವಾಗ ನೀ ಗ್ವಾಡಿ ಕಡಿ ಮುಖ ಮಾಡಿದ್ರ ಆಕಿ ಯಾರ ಮುಖ ನೋಡ್ಬೇಕು, ಅಷ್ಟು ಹೇಳು."

ಅವನು ಕೆನೆ ಕಟ್ಟಿದ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದು, ಬಡಿಗೆ ತೆಗೆದುಕೊಂಡು ಔರಾದಿನ ಬಸ್ಸು ಹಿಡಿಯಲು ಹೋದ. ಬರುತ್ತಾನೋ ಇಲ್ಲವೋ ಎಂದು ಮದುವೆಯ ದಿನದ ತನಕ ವೈನಿಗೆ ಫೋನು ಮಾಡಿ ಕೇಳುತ್ತಲೇ ಇದ್ದೆ.

ಔರಾದಿನ ಮದುವೆ ಮಂಟಪಕ್ಕೆ ಎಲ್ಲರಿಗಿಂತ ಮೊದಲು ಬಂದವನು ಅವನೇ. ಹೊಸ ಧೋತರ ಉಟ್ಟಿದ್ದ. ಮುಹೂರ್ತದ ಹೊತ್ತಿಗೆ ಮನಿಷಾಳ ಕೈ ಹಿಡಿದು ಬಾಗಿಲಿನಿಂದ ನಡೆಸಿಕೊಂಡು ಹೊರಟ. ಅರ್ಧ ದಾರಿಗೆ ಬಂದವನು ತಟ್ಟನೆ ನಿಂತ. ಭುಜ ಅಲುಗಿತು. ಆಮೇಲೆ ಇಡೀ ಮಂಟಪಕ್ಕೆ ಕೇಳುವಂತೆ ಹೋ ಎಂದು ಅತ್ತ.

ಬ್ಯಾಂಡಿನವರು ನಿಂತರು. ಅವನ ಖ್ಯಾತಿ ಔರಾದಿನವರೆಗೂ ಹೋಗಿತ್ತಲ್ಲ, ಹುಡುಗನ ಅಪ್ಪ ಗಾಬರಿಯಿಂದ ಓಡಿ ಬಂದು ಕೈ ಮುಗಿದರು.

"ಬೀಗರ, ಏನು ಕಡಿಮಿ ಆತ್ರಿ? ಏನು ತಪ್ಪಾತು ಹೇಳ್ರಿ, ಈಗೇ ಸರಿ ಮಾಡ್ತೇವಿ!"

ಅಣ್ಣ ಮುಖ ತಿರುಗಿಸಲಿಲ್ಲ, ಮನಿಷಾಳ ಕೈಯನ್ನೂ ಬಿಡಲಿಲ್ಲ.

"ಏನೂ ತಪ್ಪಾಗಿಲ್ರಿ," ಎಂದ. "ಹುಡುಗಿ ಹೊಂಟಾಳ, ಅದಕ್ಕ ಅಳ್ಲಾಕತ್ತೇನಿ."