ಒಗೆದ ಗಂಟು

ನೋಡ್ರಿ ದೋಸ್ತರ, ಇವತ್ತು ತಂಗಿ ರೇಷ್ಮಾನ್ನ ಹುಬ್ಬಳ್ಳಿಗೆ, ಕ್ಯಾನ್ಸರ್ ಡಾಕ್ಟರ್ ಕಡೆ ಕರ್ಕೊಂಡು ಹೋಗಿದ್ದೆ. ಬ್ಯಾಡಗಿಯೊಳಗ ಮೆಣಸಿನಕಾಯಿ ತೊಟ್ಟು ಬಿಡಿಸಾಕ ಹೋಗ್ತಾಳ ಆಕಿ. ಹೋದ ವರ್ಷ ರಾಣೆಬೆನ್ನೂರಾಗ ತೊಡಿಮ್ಯಾಲಿನ ಗಂಟು ಕೊಯ್ಸಿದ್ವಿ. ಈಗ ಅದ ಜಾಗಾದಾಗ ಮೊದಲಿಗಿಂತ ದೊಡ್ಡದು ಎದ್ದೈತಿ.

"ತಗದ ಗಂಟು ಲ್ಯಾಬಿಗೆ ಕಳಿಸಿದ್ರೇನು? ರಿಪೋರ್ಟ್ ಎಲ್ಲೈತಿ?" ಅಂತ ಡಾಕ್ಟರ್ ಕೇಳಿದ್ರು. ಅಲ್ಲಿಂದನ ರಾಣೆಬೆನ್ನೂರಿನ ಡಾಕ್ಟರಿಗೆ ಫೋನ್ ಹಚ್ಚಿದೆ.

"ಕೊಬ್ಬಿನ ಗಂಟಿಗೆ ಎಂಥಾ ಲ್ಯಾಬ್ ರೀ? ಅವತ್ತ ಕಸದಾಗ ಒಗದ್ವಿ," ಅಂದ್ರು.

ಹುಬ್ಬಳ್ಳಿ ಡಾಕ್ಟರ್ ಪೆನ್ನು ಕೆಳಗಿಟ್ಟರು. "ಕೊಯ್ಯೂಕಿಂತ ಮೊದಲ ಸ್ಕ್ಯಾನ್ ಮಾಡಿಸಿ ಇಲ್ಲಿಗೆ ಕಳಿಸಬೇಕಿತ್ತು. ಸಾರ್ಕೋಮಾ ಅನ್ನೋ ಕ್ಯಾನ್ಸರ್ ಇರಬೇಕು ಅನಸ್ತೈತಿ. ಕಾಲು ಉಳಸಾಕ ಆಗ್ತೈತೋ ಇಲ್ಲೋ, ಈಗ ಹೇಳಾಕ ಬರಂಗಿಲ್ಲ."

ರೇಷ್ಮಾ ನನ್ನ ಕೈ ಹಿಡಕೊಂಡು, "ಆಪಾ, ಅವರು ಹೊಲಿಗಿ ಛಲೋ ಹಾಕಿದ್ರಲ್ಲ?" ಅಂದಳು.

ಖರೇನ. ಹೊಲಿಗಿ ಮಾತ್ರ ಭಾಳ ಛಂದ ಹಾಕ್ಯಾರ.